ಹೋಗೋದಲ್ರೀ, ಹೊಳ್ಳಿ ಬರೋದು ಹೆಂಗ?

ಸಭಾಧ್ಯಕ್ಷರೇ, ರೈಲಿನ ಹುಚ್ಚು ಹತ್ತಿದ ಗೆಳೆಯರೇ,

ಒಳಗೆ ಬರುವಾಗ ಗೋಡೆಯ ಮೇಲಿನ ನಕಾಶೆ ನೋಡಿದೆ. ಹುಬ್ಬಳ್ಳಿ ಸುತ್ತಲಿನ ಸೈಡಿಂಗ್‌ಗಳಿಗೆಲ್ಲ, ಅಂದ್ರ ಗೂಡ್ಸ್ ಗಾಡಿ ಹೋಗಿ ನಿಲ್ಲುವ ಕವಲು ಹಳಿಗಳಿಗೆಲ್ಲ, ಕೆಂಪು ಗೆರೆ ಎಳೆದಿದ್ದೀರಿ, ಅವುಗಳ ಮೇಲೆಲ್ಲ ಒಂದು ವಿಹಾರದ ಗಾಡಿ ಓಡಬೇಕು ಅಂತ. ಚಲೋ ಆಸೆ. ಆದರೆ ಒಂದೊಂದು ಗೆರೆಯ ತುದಿಗೂ ಬೆರಳಿಟ್ಟು ಕೇಳಿಕೊಳ್ರಿ: ಹೊಳ್ಳಿ ಬರೋದು ಹೆಂಗ?

ಲೆಕ್ಕ ಮಾಡೋಣ. ಐಆರ್‌ಸಿಟಿಸಿ ಮೂಲಕ ಇಡೀ ಗಾಡಿ ಕಾಯ್ದಿರಿಸಿದರೆ ಕನಿಷ್ಠ 18 ಬೋಗಿಯ ದುಡ್ಡು ಕಟ್ಟಬೇಕು. ಕಡಿಮೆ ಬೋಗಿ ಸಾಕು ಅಂದರೂ ದರ 18ರದೇ. ಉಣ್ಣೋರು ಹತ್ತು ಮಂದಿ, ಎಲಿ ಲೆಕ್ಕ ಹದಿನೆಂಟು. ಚೆನ್ನೈ ಕಾರ್ಖಾನೆಯ ಹಳೆಯ ಮಾದರಿಯ ಐಸಿಎಫ್ ಬೋಗಿ ಈ ತುದಿಯ ಬಫರಿನಿಂದ ಆ ತುದಿಯ ಬಫರಿಗೆ ಸುಮಾರು 22.3 ಮೀಟರ್. ಹದಿನೆಂಟಕ್ಕೆ 401 ಮೀಟರ್ ಆಯಿತು. ಎಂಜಿನ್ನಿಗೆ ಇನ್ನೊಂದು ಇಪ್ಪತ್ತು ಮೀಟರ್ ಚಿಲ್ಲರೆ. ತುದಿಯಲ್ಲಿ ಎಂಜಿನ್ ಬಿಡಿಸಿ ಪಕ್ಕದ ಲೂಪಿನಿಂದ, ಅಂದ್ರ ಎರಡೂ ತುದಿಗೆ ಅದೇ ಲೈನಿಗೆ ಕೂಡುವ ಹಳಿಯಿಂದ, ಸುತ್ತಿ ಹಿಂದಕ್ಕೆ ತರಬೇಕಾದರೆ ಲೂಪಿನಲ್ಲಿ 401 ಮೀಟರ್ ನಿಲ್ಲಬೇಕು, ಹಳಿ ಕವಲೊಡೆಯುವ ಪಾಯಿಂಟಿನ ಆಚೆಗೆ ಎಂಜಿನ್ ನಿಲ್ಲುವಷ್ಟು ಹಳಿಯೂ ಬೇಕು.

‘58 ವ್ಯಾಗನ್ನಿನ ಬಾಕ್ಸ್‌ಎನ್ ರೇಕೇ, ಅಂದ್ರ ಕಲ್ಲಿದ್ದಲು ಅದಿರು ಹೊರುವ ಇಡೀ ಗೂಡ್ಸ್ ಗಾಡಿಯೇ ಹೋಗ್ತದಲ್ರೀ’ ಅಂತೀರಿ. ಹೋಗ್ತದ, ಖರೆ. ಒಂದು ವ್ಯಾಗನ್ 10.7 ಮೀಟರ್, ಇಡೀ ರೇಕ್ 620 ಮೀಟರ್ ದಾಟುತ್ತದೆ. ಆದರೆ ಎಷ್ಟೋ ಕಾರ್ಖಾನೆಯ ಸೈಡಿಂಗ್‌ಗಳಲ್ಲಿ ಅದನ್ನು ಸ್ಟೇಷನ್ನಿನಲ್ಲೇ ಎರಡು ತುಂಡು ಮಾಡಿ, ಅರ್ಧರ್ಧ ಒಳಗೆ ನೂಕುತ್ತಾರೆ. ಜನ ಕೂತ ಗಾಡಿಯನ್ನು ಹಾಗೆ ಕತ್ತರಿಸೋಕೆ ಆಗ್ತದೇನು?

ಇನ್ನು ಎಂಜಿನ್. ನಮ್ಮ ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ ನಿಮಗೆಲ್ಲ ಗೊತ್ತು, 4000 ಅಶ್ವಶಕ್ತಿ. ಪೈಲಟ್ ಕೂರುವ ಕ್ಯಾಬ್ ಮಾತ್ರ ಒಂದೇ, ಅದೂ ಒಂದು ತುದಿಯ ಹತ್ತಿರ. ಹೋಗುವಾಗ ಗಿಡ್ಡ ಮೂತಿ ಮುಂದಾದರೆ ಬರುವಾಗ ಉದ್ದ ಮೂತಿ ಮುಂದು. ಲೋಕೋ ಪೈಲಟ್ ಕಣ್ಣಿಗೆ ಹಳಿಯ ಅರ್ಧ ಮರೆ. ತಿರುಗಿಸೋಕೆ ತುದಿಯಲ್ಲಿ ಟರ್ನ್‌ಟೇಬಲ್ ಇರೋದಿಲ್ಲ. ಬೆನ್ನಿಗೆ ಬೆನ್ನು ಹಚ್ಚಿ ಎರಡು ಎಂಜಿನ್ ಕೇಳ್ರಿ, ಇಲ್ಲಾಂದರೆ ಎರಡೂ ಕಡೆ ಕ್ಯಾಬ್ ಇರುವ ಡಬ್ಲ್ಯುಡಿಜಿ-4ಡಿ ಕೇಳ್ರಿ.

ಇಂಗ್ಲೆಂಡಿನವರ ಹುಚ್ಚು ನಮ್ಮದಕ್ಕಿಂತ ದೊಡ್ಡದು. ಅಲ್ಲಿ ಗೂಡ್ಸ್ ಲೈನುಗಳಿಗಂತಲೇ ವಿಹಾರದ ಗಾಡಿ ಬಿಡ್ತಾರ. ಅಟ್ಲಾಸ್ ಹಿಡಿದು, ಹೋಗಿ ಬಂದ ಹಳಿಗೆಲ್ಲ ಬಣ್ಣ ತುಂಬ್ತಾರ. ಲೈನು ಮಾತ್ರವಲ್ಲ, ಲೂಪೂ ಲೆಕ್ಕ, ಒಂದು ಹಳಿಯಿಂದ ಪಕ್ಕದ ಹಳಿಗೆ ದಾಟುವ ಕ್ರಾಸೋವರೂ ಲೆಕ್ಕ. ಗಾಡಿ ಹಳಿಯ ಕೊನೆಯ ತಡೆಗಟ್ಟೆಗೆ, ಬಫರ್ ಸ್ಟಾಪಿಗೆ, ಇಪ್ಪತ್ತು ಮೀಟರ್ ಹಿಂದೆ ನಿಂತಿತೋ, ಆ ಇಪ್ಪತ್ತು ಮೀಟರ್ ಆಗಲಿಲ್ಲ ಅಂತ ಪೆನ್ಸಿಲ್ ಕೆಳಗಿಡ್ತಾರ! ಅದಕ್ಕೇ ತುದಿ ಹತ್ತಿರ ಬಂದಂಗ ಮಂದಿಯೆಲ್ಲ ಮುಂದಿನ ಡಬ್ಬಿಗೆ ನುಗ್ಗೋದು. ನಗಬ್ಯಾಡ್ರಿ, ನಿಮ್ಮಲ್ಲೂ ಇಬ್ಬರು ಮೂವರು ಹಂಥಾವರು ಕೂತಾರ. ಆದರೆ ಅವರು ಬಹಳ ಸಲ ಎರಡೂ ತುದಿಗೆ ಎಂಜಿನ್ ಹಚ್ಚಿಕೊಂಡೇ ಹೊರಡ್ತಾರ. ಯಾಕ? ಹೊಳ್ಳಿ ಬರಬೇಕಲ್ಲ!

ಅಪರೂಪಕ್ಕೆ ಗಾಡಿ ಓಡುವ ಹಳಿಯ ಜಡ್ಡೇ ಬೇರೆ. ಮೊದಲನೆಯದು ತುಕ್ಕು. ಹಳಿಯಲ್ಲೇ ಕರೆಂಟು ಹರಿಸುವ ಟ್ರ್ಯಾಕ್ ಸರ್ಕ್ಯೂಟ್‌ನಲ್ಲಿ ಗಾಲಿ-ಅಚ್ಚು ಎರಡೂ ಹಳಿ ಕೂಡಿಸಿದಾಗಲೇ ಸಿಗ್ನಲ್ ಕ್ಯಾಬಿನ್ನಿಗೆ ಗಾಡಿ ಇದೆ ಅಂತ ತಿಳಿಯೋದು. ಹಳಿಯ ತಲೆಗೆ ತುಕ್ಕಿನ ಪೊರೆ ಕಟ್ಟಿದರೆ ಕರೆಂಟು ದಾಟೋದಿಲ್ಲ. ಗಾಡಿ ಎದುರಿಗೇ ನಿಂತಿದ್ದರೂ ಪ್ಯಾನೆಲ್ಲಿನಲ್ಲಿ ಲೈನು ಖಾಲಿ! ಆಕ್ಸಲ್ ಕೌಂಟರ್‌ಗೆ ಈ ತೊಂದರೆ ಇಲ್ಲ, ಅದು ಗಾಲಿ ಎಣಿಸುತ್ತದೆ. ಎರಡನೆಯದು ಗೇಟು. ರಸ್ತೆ ದಾಟುವಲ್ಲಿ ಹಳಿಗೂ ಅದರ ಒಳಬದಿಗೆ ಹಾಕುವ ಕಾವಲು ಹಳಿಗೂ (ಚೆಕ್ ರೈಲು) ನಡುವೆ 51ರಿಂದ 57 ಮಿಲಿಮೀಟರ್ ಸಂದು, ಕನಿಷ್ಠ 38 ಮಿಲಿಮೀಟರ್ ಆಳ ಇರಬೇಕು. ನಮ್ಮ ಎರೆಮಣ್ಣು ಒಂದು ಮಳೆಗಾಲ ಸಾಕು, ಅದರಲ್ಲಿ ಗಟ್ಟಿ ಕೂತುಬಿಡುತ್ತದೆ. ಗಾಲಿಯ ಒಳಅಂಚು, ಫ್ಲ್ಯಾಂಜ್, ಮಣ್ಣಿನ ಮೇಲೇರಿತೋ, ಹಳಿ ಬಿಟ್ಟಿತು. ಗಾಡಿಗೆ ಮುಂಚೆ ಗ್ಯಾಂಗ್‌ನವರು ಸಬ್ಬಲ್ ಹಿಡಿದು ಆ ಸಂದು ಕೆದರಲೇಬೇಕು.

ಮೂರನೆಯದು ಮನುಷ್ಯ. ಲೋಕೋ ಪೈಲಟ್ ಒಂದು ಸೆಕ್ಷನ್ನಿಗೆ ಮೂರು ತಿಂಗಳು ಹೋಗದೇ ಇದ್ದರೆ ಮತ್ತೆ ಆ ಹಳಿಯ ದಾರಿ ಕಲಿಯಬೇಕು: ಆರು ತಿಂಗಳೊಳಗಾದರೆ ಒಂದು ಟ್ರಿಪ್, ಎರಡು ವರ್ಷದೊಳಗೆ ಎರಡು, ಮೀರಿದರೆ ಮೂರು. ಗಾಡಿಯೇ ಓಡದ ಲೈನಿನಲ್ಲಿ ಕಲಿಯೋದು ಯಾವ ಗಾಡಿಯಲ್ಲಿ? ತಿಂಗಳ ಮೊದಲೇ ಕೇಳ್ರಿ.

ಕಾಯ್ದೆಯೂ ಅದ. 1989ರ ರೈಲ್ವೆ ಕಾಯ್ದೆಯ 21ನೇ ಕಲಮಿನ ಪ್ರಕಾರ ಮಂಜೂರಾತಿ ಇಲ್ಲದೆ ಯಾವ ಲೈನನ್ನೂ ಪ್ರಯಾಣಿಕರಿಗೆ ತೆರೆಯುವಂತಿಲ್ಲ. ಪರೀಕ್ಷೆ ಮಾಡುವ ಸುರಕ್ಷತಾ ಕಮಿಷನರ್ ಇರೋದು ವಿಮಾನಯಾನ ಸಚಿವಾಲಯದ ಕೆಳಗೆ, ಅದೊಂದು ತಮಾಷೆ. ಅದಕ್ಕೇ ಮೊದಲ ವಿಹಾರಕ್ಕೆ ಅಳ್ನಾವರ–ಅಂಬೇವಾಡಿ ಇಟ್ಟುಕೊಳ್ರಿ ಅನ್ನೋದು. ದಾಂಡೇಲಿಯ ಆ ಕವಲಿನಲ್ಲಿ ವರ್ಷಗಟ್ಟಲೆ ಬರೀ ಗೂಡ್ಸ್ ಇತ್ತು, ಆದರೆ 2019ರ ನವೆಂಬರಿನಲ್ಲಿ ಪ್ರಯಾಣಿಕರ ಗಾಡಿಯೂ ಓಡಿದೆ. ಧಾರವಾಡ, ಕ್ಯಾರಕೊಪ್ಪ, ಮುಗದ, ಕಂಬಾರಗಣವಿ ದಾರಿಯೂ ಚಂದ.

ಅಧ್ಯಕ್ಷರ ಚೀಟಿ ಬಂತು, ಐದು ನಿಮಿಷವಂತೆ. ಬ್ರೇಕಿನ ಮಾತು ಬಿಡ್ತೀನಿ. ಏಣಿ ಮರೀಬ್ಯಾಡ್ರಿ, ಸೈಡಿಂಗಿನಲ್ಲಿ ಪ್ಲಾಟ್‌ಫಾರ್ಮ್ ಇರೋದಿಲ್ಲ, ಬೋಗಿಯ ನೆಲ ಹಳಿಯಿಂದ ಒಂದೂಕಾಲು ಮೀಟರ್ ಎತ್ತರ. 1:8.5 ಪಾಯಿಂಟಿನ, ಅಂದ್ರ 8.5ಕ್ಕೆ 1ರಷ್ಟು ಓರೆಯಾಗಿ ಕವಲೊಡೆಯುವ ಹಳಿಯ, ಮೇಲೆ ಗಂಟೆಗೆ 15 ಕಿಲೋಮೀಟರ್ ವೇಗ ಅಂತ ಹಿಡಿದು ವೇಳಾಪಟ್ಟಿ ಬರೀರಿ.

ಲೂಪಿನ ಉದ್ದ ಅಳೀಲಿಕ್ಕೆ ಟೇಪು ಹಿಡಿದು ಹಳಿಗೆ ಇಳೀಬ್ಯಾಡ್ರಿ ಮತ್ತೆ, ಅದು ಕಲಂ 147, ಅತಿಕ್ರಮ ಪ್ರವೇಶ. ಯಾವ ಲೈನಿನಲ್ಲಿ ಎಷ್ಟು ಮೀಟರ್ ನಿಲ್ಲುತ್ತದೆ ಅನ್ನೋದು ಸ್ಟೇಷನ್ ವರ್ಕಿಂಗ್ ರೂಲ್‌ನಲ್ಲಿ ಬರೆದಿರ್ತದ. ಸ್ಟೇಷನ್ ಮಾಸ್ತರರಿಗೆ ನಮಸ್ಕಾರ ಹೇಳಿ ಕೇಳ್ರಿ. 401ಕ್ಕಿಂತ ಕಡಿಮೆ ಅಂದರೆ ಆ ಕೆಂಪು ಗೆರೆ ಅಳಿಸ್ರಿ.