ಕಡಿಮೆ ಬಜೆಟ್‌ನಲ್ಲಿ ಜಿಗ್‌ಸಾ: ಹಲಗೆ ತಿರುಗಿಸಿ ನೋಡಿದ ಮೇಲೆ ಗೊತ್ತಾಗಿದ್ದು

[ದೃಶ್ಯ: ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ಕೆಲಸದ ಬೆಂಚು. ಅದರ ಮೇಲೆ ಹಲಸಿನ ಹಲಗೆಯ ಎರಡು ತುಂಡು. ಹೊರಗೆ ಮಳೆ.]

ನಮಸ್ಕಾರ. ಈ ಎರಡು ತುಂಡು ನೋಡಿ. ಎರಡೂ ಒಂದೇ ಹಲಸಿನ ಹಲಗೆಯದು. ಒಂದೂವರೆ ಇಂಚು ದಪ್ಪ. ಎರಡಕ್ಕೂ ಒಂದೇ ಅಚ್ಚಿಟ್ಟು ಗೆರೆ ಎಳೆದು, ಜಿಗ್‌ಸಾದಲ್ಲಿ, ಅಂದರೆ ಸಪೂರ ಬ್ಲೇಡ್ ಮೇಲೆ ಕೆಳಗೆ ಓಡುತ್ತಾ ತಿರುವನ್ನೂ ಕೊಯ್ಯುವ ಕರೆಂಟಿನ ಕೈಗರಗಸದಲ್ಲಿ ಕೊಯ್ದಿದ್ದು. ಮೇಲಿಂದ ನೋಡಿದರೆ ಎರಡೂ ಗೆರೆಗೆ ಸರಿಯಾಗಿಯೇ ಇವೆ, ಅಲ್ವಾ?

ಈಗ ತಿರುಗಿಸುತ್ತೇನೆ.

[ಹತ್ತಿರದ ದೃಶ್ಯ: ತುಂಡುಗಳ ಅಡಿಭಾಗ. ಒಂದಕ್ಕೆ ಮೂಲೆಮಟ್ಟ (ಅಂಚು ನೆಟ್ಟಗಿದೆಯಾ ಅಂತ ನೋಡುವ ಎಲ್ ಆಕಾರದ ಸಾಧನ) ಹಿಡಿದಾಗ ಸಂದಿನಲ್ಲಿ ಬೆಳಕು ಕಾಣುತ್ತದೆ.]

ಬಲಗಡೆಯದು ನೆಟ್ಟಗಿದೆ. ಎಡಗಡೆಯದು ಅಡಿಯಲ್ಲಿ 4 ಮಿಲಿಮೀಟರ್ ಹೊರಗೆ ಹೋಗಿದೆ. ಕಾಯಿ ತುರಿಯುವ ಮಣೆಗೆ ಅಂತ ಕೊಯ್ದ ಹಲಗೆ ಇದು. ಈ ಅಂಚನ್ನು ಸರಿ ಮಾಡಲು ಅರ ಹಿಡಿದು ಒಂದು ಮಧ್ಯಾಹ್ನ ಪೂರ್ತಿ ಉಜ್ಜಿದ್ದೇನೆ, ಇನ್ನೂ ಸರಿಯಾಗಿಲ್ಲ. ಎಡಗಡೆ ತುಂಡು ಕೊಯ್ದಿದ್ದು ನನ್ನ ಮೊದಲ ಜಿಗ್‌ಸಾ. ಡಬ್ಬಿ ಮೇಲೆ 800 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. ಅದನ್ನೇ ನೋಡಿ ತಗೊಂಡಿದ್ದೆ. ಬಲಗಡೆಯದನ್ನು ಕೊಯ್ದಿದ್ದು 450 ವ್ಯಾಟಿನ ಮಷೀನ್.

5,000 ರೂಪಾಯಿ ಒಳಗೆ ಒಳ್ಳೆ ಜಿಗ್‌ಸಾ ಯಾವುದು ಅಂತ ಕೇಳಿದರೆ ನಾನು ಮೊದಲು ಒಂದು ಮಾತು ಹೇಳುತ್ತೇನೆ. ವ್ಯಾಟ್ ಆಮೇಲೆ ನೋಡಿ, ಬ್ಲೇಡ್ ನೆಟ್ಟಗೆ ನಿಲ್ಲುತ್ತದಾ ಅಂತ ಮೊದಲು ನೋಡಿ.

[ದೃಶ್ಯ: ಪ್ಲಗ್ ತೆಗೆದಿಟ್ಟ ಮಷೀನ್. ಬೆರಳಿನಿಂದ ಬ್ಲೇಡಿನ ಕೆಳತುದಿಯನ್ನು ಮೆಲ್ಲಗೆ ಪಕ್ಕಕ್ಕೆ ಒತ್ತುವುದು.]

ಯಾಕೆ ಅಂದರೆ, ಈ ಬ್ಲೇಡಿಗೆ ಹಿಡಿತ ಮೇಲ್ಗಡೆ ಮಾತ್ರ. ಸಾಮಿಲ್ಲಿನ ಗರಗಸದ ಪಟ್ಟಿ ಮೇಲೆ ಕೆಳಗೆ ಎರಡೂ ಕಡೆ ಚಕ್ರದಲ್ಲಿ ಬಿಗಿಯಾಗಿರುತ್ತದೆ. ಇಲ್ಲಿ ಕೆಳತುದಿಗೆ ಯಾವ ಆಸರೆಯೂ ಇಲ್ಲ. 1946ರಲ್ಲಿ ಸ್ವಿಟ್ಜರ್ಲೆಂಡಿನ ಸಿಂಟಿಲಾ ಕಂಪನಿಯ ಆಲ್ಬರ್ಟ್ ಕೌಫ್‌ಮನ್ ಅನ್ನುವ ಇಂಜಿನಿಯರ್ ಹೆಂಡತಿಯ ಹೊಲಿಗೆ ಮಷೀನಿನ ಸೂಜಿ ತೆಗೆದು ಗರಗಸದ ಬ್ಲೇಡ್ ಹಾಕಿ ನೋಡಿದರಂತೆ. ಜಿಗ್‌ಸಾ ಹುಟ್ಟಿದ್ದು ಹಾಗೆ. ಬಟ್ಟೆ ತೆಳು, ಸೂಜಿ ವಾಲುವ ಪ್ರಶ್ನೆ ಇಲ್ಲ. ಒಂದೂವರೆ ಇಂಚಿನ ಹಲಸು ಅಥವಾ ಮತ್ತಿ ಹಾಗಲ್ಲ. ತಿರುವು ಬಂದ ಕೂಡಲೇ ಬ್ಲೇಡಿನ ಕೆಳತುದಿ ಮರದ ಎಳೆ ಹಿಡಿದು ತನ್ನ ದಾರಿಗೆ ಹೋಗುತ್ತದೆ. ಮೇಲೆ ಗೆರೆ ನೋಡುತ್ತಾ ಇರುವ ನಮಗೆ ಅದು ಗೊತ್ತೇ ಆಗುವುದಿಲ್ಲ.

ನಮ್ಮೂರಿನ ಹಿರಿಯ ಆಚಾರಿಯವರೊಬ್ಬರ ಜೊತೆ ಶಿರಸಿಯ ಅಂಗಡಿಗೆ ಹೋಗಿದ್ದೆ. ನಾನು ಡಬ್ಬಿ ಓದುತ್ತಾ ನಿಂತಿದ್ದೆ. ಅವರು ಮಷೀನ್ ತಿರುಗಿಸಿ, "ತಮಾ, ಡಬ್ಬಿ ಬಿಡು, ತಳ ನೋಡು" ಅಂದರು. ಜೇಬಿನಿಂದ ಸಣ್ಣ ಮೂಲೆಮಟ್ಟ ತೆಗೆದು, ಬ್ಲೇಡ್ ಹಾಕಿಸಿ, ತಳದ ತಟ್ಟೆಗೂ ಬ್ಲೇಡಿಗೂ ತಾಗಿಸಿ ಹಿಡಿದರು. ಮೂರು ಮಷೀನ್ ಹಾಗೆ ನೋಡಿದರು. ಒಂದರಲ್ಲಿ ತಳ ಎಷ್ಟು ಬಿಗಿ ಮಾಡಿದರೂ ಕೂದಲೆಳೆಯಷ್ಟು ಅಲ್ಲಾಡುತ್ತಿತ್ತು. ಅದನ್ನು ಅಲ್ಲೇ ಬದಿಗಿಟ್ಟರು. ಅದೇ ಮೂರರಲ್ಲಿ ಜಾಸ್ತಿ ವ್ಯಾಟಿಂದು.

ಅಂಗಡಿಯಲ್ಲಿ ನೀವೂ ಇದನ್ನೇ ಮಾಡಿ. ನಾಚಿಕೆ ಬೇಡ, ದುಡ್ಡು ನಿಮ್ಮದು.

[ಹತ್ತಿರದ ದೃಶ್ಯ: ತಳದ ತಟ್ಟೆ, ಬ್ಲೇಡಿನ ಬೆನ್ನಿಗಿರುವ ಸಣ್ಣ ರೋಲರ್.]

ಬ್ಲೇಡಿನ ಬೆನ್ನಿಗೆ ಈ ಸಣ್ಣ ಚಕ್ರ ಇದೆಯಲ್ಲ, ಇದೇ ರೋಲರ್. ಇದರ ನಡುವಿನ ಸೀಳಿನಲ್ಲಿ ಬ್ಲೇಡ್ ಕೂರಬೇಕು. ತುಂಬಾ ಸಡಿಲ ಇದ್ದರೆ ಬೇಡ. ಬ್ಲೇಡನ್ನು ಪಕ್ಕಕ್ಕೆ ಒತ್ತಿದಾಗ ಬ್ಲೇಡ್ ಸ್ವಲ್ಪ ಬಾಗಿದರೆ ತಪ್ಪೇನಿಲ್ಲ, ಅದು ತೆಳು ಉಕ್ಕು. ಆದರೆ ಬ್ಲೇಡ್ ಹಿಡಿದಿರುವ ಸರಳೇ ಟಕಟಕ ಅಲ್ಲಾಡಿದರೆ ಆ ಮಷೀನ್ ಕೆಳಗಿಡಿ. ತಳ ತೆಳು ತಗಡಿನದಾದರೆ ಒಮ್ಮೆ ಕೈ ಜಾರಿ ಬಿದ್ದರೂ ಬಾಗುತ್ತದೆ. ದಪ್ಪ ತಗಡು ಅಥವಾ ಎರಕದ ಅಲ್ಯೂಮಿನಿಯಂ ಸಿಕ್ಕರೆ ಒಳ್ಳೆಯದು.

ಇನ್ನೊಂದು, ಬ್ಲೇಡಿನ ಬುಡ. ಟಿ ಆಕಾರದ ಬುಡ ಹಿಡಿಯುವ ಮಷೀನನ್ನೇ ತಗೊಳ್ಳಿ. ಯು ಆಕಾರದ್ದು ಹಳೆಯ ಪದ್ಧತಿ. ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನು ತಂದರೆ, ನಾಳೆ ಬ್ಲೇಡಿಗೆ ಊರೆಲ್ಲಾ ಅಲೆಯಬೇಕಾಗುತ್ತದೆ. ಬ್ಲೇಡನ್ನು ಅಲೆನ್ ಕೀಯಿಂದ, ಅಂದರೆ ಆರು ಮೂಲೆಯ ಸಣ್ಣ ಕೀಲಿಯಿಂದ ಬಿಗಿ ಮಾಡುವುದೋ, ಬರಿಗೈಯಲ್ಲಿ ಬದಲಾಯಿಸುವುದೋ ಅನ್ನುವುದು ಬರೀ ಅನುಕೂಲದ ಮಾತು. ದುಡ್ಡು ಕಡಿಮೆ ಇದ್ದರೆ ಅಲೆನ್ ಕೀ ಸಾಕು.

ವೇಗ ಕಡಿಮೆ ಜಾಸ್ತಿ ಮಾಡುವ ವ್ಯವಸ್ಥೆ ಮಾತ್ರ ಇರಲೇಬೇಕು. ಅಕ್ರಿಲಿಕ್ ಹಾಳೆಯನ್ನು ಪೂರ್ತಿ ವೇಗದಲ್ಲಿ ಕೊಯ್ದರೆ ಹಿಂದೆಯೇ ಕರಗಿ ಅಂಟಿಕೊಳ್ಳುತ್ತದೆ. ತಗಡಿಗೂ ನಿಧಾನವೇ ಬೇಕು.

ಪೆಂಡುಲಮ್ ಅಂತ ಒಂದು ಗುಂಡಿ ಇರುತ್ತದೆ, 0ಯಿಂದ 3ರವರೆಗೆ. ಅದು ಬ್ಲೇಡನ್ನು ಮೇಲೆ ಕೆಳಗೆ ಮಾಡುವ ಜೊತೆಗೆ ಸ್ವಲ್ಪ ಮುಂದಕ್ಕೂ ತಳ್ಳುತ್ತದೆ. ನೇರ ಕೊಯ್ತ ಬೇಗ ಆಗುತ್ತದೆ, ಆದರೆ ಅಂಚು ಒರಟು. ತಿರುವಿನ ಕೆಲಸಕ್ಕೆ ಗುಂಡಿ 0ಯಲ್ಲೇ ಇರಬೇಕು. ದಪ್ಪ ಮರ ಕೊಯ್ಯುವುದು ಅಪರೂಪ ಅನ್ನುವವರು ಇದಿಲ್ಲದ ಮಷೀನ್ ತಗೊಂಡರೂ ನಷ್ಟ ಇಲ್ಲ. ನನ್ನದರಲ್ಲಿ ಇಲ್ಲ.

[ದೃಶ್ಯ: ಮನೆಯ ಜಗುಲಿಯಿಂದ ಕೊಟ್ಟಿಗೆಯವರೆಗೆ ಎಳೆದ ಎಕ್ಸ್‌ಟೆನ್ಷನ್ ವೈರ್.]

ವ್ಯಾಟ್ ವಿಷಯ. ಡಬ್ಬಿ ಮೇಲಿನ ವ್ಯಾಟ್ ಅಂದರೆ ಮಷೀನ್ ಎಳೆದುಕೊಳ್ಳುವ ಕರೆಂಟಿನ ಲೆಕ್ಕ. ಬ್ಲೇಡಿಗೆ ಸಿಗುವ ಶಕ್ತಿ ಅದಕ್ಕಿಂತ ಕಡಿಮೆ. ಅದೂ 230 ವೋಲ್ಟ್ ಇದ್ದಾಗ. ನಮ್ಮ ಕಡೆ ಹಳ್ಳಿಯಲ್ಲಿ ತೋಟದ ಪಂಪ್‌ಸೆಟ್‌ಗಳು ಶುರುವಾದ ಕೂಡಲೇ ಬಲ್ಬು ಮಂಕಾಗುವುದು ನೋಡಿದ್ದೀರಲ್ಲ? ಆ ಹೊತ್ತಿನಲ್ಲಿ ಜಿಗ್‌ಸಾ ಹಚ್ಚಿದರೆ ಮೋಟಾರಿಗೆ ಬಲ ಇರುವುದಿಲ್ಲ, ನಾವು ಒತ್ತುತ್ತೇವೆ, ಅದು ಬಿಸಿಯಾಗುತ್ತದೆ. ಮನೆಯಿಂದ ಕೊಟ್ಟಿಗೆಗೆ ತೆಳು ವೈರ್ ಎಳೆದಿದ್ದರೆ ಇನ್ನಷ್ಟು ವೋಲ್ಟೇಜ್ ದಾರಿಯಲ್ಲೇ ಹೋಗುತ್ತದೆ. 1.5 ಚದರ ಮಿಲಿಮೀಟರಿನ ತಾಮ್ರದ ವೈರ್ ಹಾಕಿಸಿ, ಸುರುಳಿಯಲ್ಲಿದ್ದರೆ ಪೂರ್ತಿ ಬಿಚ್ಚಿ. ಪಂಪ್ ನಿಂತ ಮೇಲೆ ಕೆಲಸ ಮಾಡಿ. ಇಷ್ಟು ಮಾಡಿದರೆ ಮನೆಕೆಲಸಕ್ಕೆ 450 ವ್ಯಾಟ್ ಸಾಕಾಗುತ್ತದೆ.

ಬ್ಯಾಟರಿಯ ಜಿಗ್‌ಸಾ ಒಳ್ಳೆಯದೇ. ಆದರೆ ಬ್ಯಾಟರಿ, ಚಾರ್ಜರ್ ಸೇರಿಸಿದರೆ ಈ ಬಜೆಟ್ ಮೀರುತ್ತದೆ. ಅದೇ ಕಂಪನಿಯ ಬ್ಯಾಟರಿ ಡ್ರಿಲ್ ಮನೆಯಲ್ಲಿದ್ದರೆ ಮಾತ್ರ ಯೋಚನೆ ಮಾಡಿ.

ಬಾಶ್, ಮಕೀಟಾ, ಡಿವಾಲ್ಟ್, ಸ್ಟ್ಯಾನ್ಲಿ ಎಲ್ಲ ಹೆಸರೂ ಕೇಳಿರುತ್ತೀರಿ. ಹೆಸರಿಗಿಂತ ನಾನು ಅಂಗಡಿಯವರಿಗೆ ಕೇಳಿದ್ದು ಒಂದೇ ಪ್ರಶ್ನೆ. "ಇದರ ಕಾರ್ಬನ್ ಬ್ರಷ್ ನಿಮ್ಮಲ್ಲೇ ಸಿಗುತ್ತದಾ?" ಕಾರ್ಬನ್ ಬ್ರಷ್ ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಸಣ್ಣ ಇಂಗಾಲದ ತುಂಡು. ಅದು ಸವೆಯುವ ವಸ್ತು, ಒಂದು ದಿನ ಬದಲಾಯಿಸಲೇಬೇಕು. ಆ ಒಂದು ಜೊತೆ ಬ್ರಷ್ಷಿಗೆ ಹುಬ್ಬಳ್ಳಿಗೆ ಹೋಗಿಬರಬೇಕು ಅಂದರೆ ಶಿರಸಿಯಿಂದ ಒಂದು ದಿನ ಹೋಯಿತು, ಕಾರವಾರದವರಿಗೆ ಇನ್ನೂ ದೂರ. ಆನ್‌ಲೈನಿನಲ್ಲಿ 500 ರೂಪಾಯಿ ಉಳಿಯುತ್ತದೆ ನಿಜ. ಆದರೆ ಅಲ್ಲಿ ಮೂಲೆಮಟ್ಟ ಹಿಡಿದು ನೋಡಲಾಗುವುದಿಲ್ಲ.

[ದೃಶ್ಯ: ಬೆಂಚಿನ ಮೇಲೆ ಸಾಲಾಗಿ ಬ್ಲೇಡುಗಳು.]

ಈಗ ಬ್ಲೇಡ್. ಇದೇ ನನಗೆ ಎಲ್ಲಕ್ಕಿಂತ ಮುಖ್ಯ. 5,000 ರೂಪಾಯಿ ಇದ್ದರೆ 4,000ಕ್ಕೆ ಮಷೀನ್ ನೋಡಿ, 1,000 ಬ್ಲೇಡಿಗೆ ಎತ್ತಿಡಿ. ಮಷೀನ್ ಜೊತೆ ಬರುವ ಒಂದೇ ಬ್ಲೇಡಿನಲ್ಲಿ ಎಲ್ಲವನ್ನೂ ಕೊಯ್ದು "ಮಷೀನ್ ಸರಿ ಇಲ್ಲ" ಅನ್ನುವವರನ್ನು ತುಂಬಾ ನೋಡಿದ್ದೇನೆ.

ಇದು ಟಿ 144 ಡಿ ಅನ್ನುವ ನಂಬರಿನ ಬ್ಲೇಡ್. ಹಲ್ಲು ದೊಡ್ಡದು, ಇಂಚಿಗೆ 6. ದಪ್ಪ ಹಲಗೆಗೆ, ಬೇಗ ಕೊಯ್ಯಲು. ಇದು ಟಿ 101 ಬಿ. ಇಂಚಿಗೆ 10 ಹಲ್ಲು, ಅಂಚು ನಯ. ಒಂದು ಇಂಚಿನವರೆಗಿನ ಹಲಗೆ, ಪ್ಲೈವುಡ್ಡಿಗೆ ಇದೇ. ತಿರುವಿಗೆ ಈ ಸಪೂರದ್ದು, ಟಿ 119 ಬಿಒ. ಆದರೆ ಇದು ತೆಳು ಮರಕ್ಕೆ ಮಾತ್ರ, 15 ಮಿಲಿಮೀಟರ್ ದಾಟಿದರೆ ವಾಲುತ್ತದೆ. ನಮ್ಮೂರ ಶಾಲೆ ಮಕ್ಕಳ ಯಕ್ಷಗಾನಕ್ಕೆ ಕಿರೀಟದ ಅಚ್ಚು, ಭುಜಕೀರ್ತಿಯ ಹಲಗೆಯನ್ನು 4 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಕೊಯ್ದಿದ್ದು ಇದರಲ್ಲೇ.

[ಹತ್ತಿರದ ದೃಶ್ಯ: ಪ್ಲೈವುಡ್ ಕೊಯ್ಯುವಾಗ ಮೇಲ್ಮೈಯಲ್ಲಿ ಏಳುವ ಸಿಬಿರು.]

ಸಿಬಿರು ಏಳುವುದು ನೋಡಿ. ಬ್ಲೇಡಿನ ಹಲ್ಲು ಮೇಲ್ಮುಖ ಇರುತ್ತದೆ, ಮೇಲೆ ಬರುವಾಗ ಕೊಯ್ಯುತ್ತದೆ. ಹಾಗಾಗಿ ಹರಿಯುವುದು ಮೇಲಿನ ಮೈ. ಚಂದದ ಮೈಯನ್ನು ಕೆಳಗೆ ಮಾಡಿ, ಗೆರೆಯನ್ನು ಹಿಂಬದಿಗೆ ಎಳೆದು ಕೊಯ್ಯಿರಿ. ಒಂದೇ ಬದಿ ಮೈಕಾ ಹಚ್ಚಿದ್ದಕ್ಕೂ ಹಾಗೆಯೇ. ಮೈಕಾ ಮೇಲ್ಗಡೆಯೇ ಇರಬೇಕಾಗಿ ಬಂದರೆ ಟಿ 101 ಬಿಆರ್ ಅಂತ ಕೆಳಮುಖ ಹಲ್ಲಿನ ಬ್ಲೇಡ್ ಇದೆ. ಅದು ಮಷೀನನ್ನು ಮೇಲಕ್ಕೆ ತಳ್ಳುತ್ತದೆ, ಗಟ್ಟಿಯಾಗಿ ಒತ್ತಿ ಹಿಡಿಯಬೇಕು.

ಮತ್ತೆ ಹಲಸಿನ ಹಲಗೆಗೆ ಬರೋಣ. ಹೊಸ ಟಿ 144 ಡಿ ಹಾಕಿದ್ದೇನೆ. ಕನ್ನಡಕ, ಮಾಸ್ಕ್ ಹಾಕಿಕೊಂಡೆ. ಹಲಗೆಗೆ ಎರಡು ಕ್ಲಾಂಪ್. ಬೆಂಚಿನ ಕೆಳಗೆ ಕೈ ಹೋಗಬಾರದು, ಬ್ಲೇಡ್ ಕೆಳಗೂ ಓಡುತ್ತಿರುತ್ತದೆ.

[ದೃಶ್ಯ: ಕೊಯ್ಯುವುದು. ಹಳದಿ ಪುಡಿ ಬೆಂಚಿನ ಮೇಲೆ ಬೀಳುತ್ತದೆ.]

ತಿರುವಿಗೆ ಬರುವ ಮೊದಲು ಹೊರಗಿನಿಂದ ಗೆರೆಯವರೆಗೆ ನಾಲ್ಕೈದು ನೇರ ಸೀಳು ಹಾಕಿದ್ದೇನೆ, ಗಮನಿಸಿ. ಕೊಯ್ಯುತ್ತಾ ಹೋದ ಹಾಗೆ ಬೇಡದ ಚೂರುಗಳು ತಾವಾಗಿ ಬಿದ್ದುಹೋಗುತ್ತವೆ, ಬ್ಲೇಡಿಗೆ ತಿರುಗಲು ಜಾಗ ಸಿಗುತ್ತದೆ. ಕೈಯಲ್ಲಿ ಒತ್ತಡ ಇಲ್ಲ, ಸುಮ್ನೆ ದಾರಿ ತೋರಿಸುತ್ತಿದ್ದೇನೆ ಅಷ್ಟೇ. ಸದ್ದು ಕೇಳಿ. ಒಂದೇ ಸಮ ಇದೆ. ಸದ್ದು ಇಳಿಯಿತು ಅಂದರೆ ನಾನು ಜಾಸ್ತಿ ಒತ್ತುತ್ತಿದ್ದೇನೆ ಅಂತ ಅರ್ಥ.

ಹಸಿ ಮರವನ್ನು ಮಾತ್ರ ಹೀಗೆ ಕೊಯ್ಯಲು ಹೋಗಬೇಡಿ. ಮಳೆಗಾಲದಲ್ಲಿ ತಂದ ಅಕೇಶಿಯಾ ಹಲಗೆಯಲ್ಲಿ ಪುಡಿ ಹಲ್ಲಿನ ಸಂದಿಗೆ ಮೆತ್ತಿ, ಬ್ಲೇಡ್ ಸುಟ್ಟು ಕಪ್ಪಾಗಿತ್ತು. ಉದ್ದುದ್ದ ನೇರ ಸೀಳುವ ಕೆಲಸವನ್ನೂ ಇದಕ್ಕೆ ಹೇಳಬೇಡಿ. ಸಾಮಿಲ್ಲಿಗೆ ಕೊಟ್ಟರೆ ಐದು ನಿಮಿಷದಲ್ಲಿ ಮುಗಿಯುತ್ತದೆ.

[ದೃಶ್ಯ: ಮಷೀನ್ ನಿಲ್ಲಿಸಿ, ಬ್ಲೇಡ್ ನಿಂತ ಮೇಲೆ ಎತ್ತುವುದು. ಹಲಗೆ ತಿರುಗಿಸಿ ಮೂಲೆಮಟ್ಟ ಹಿಡಿಯುವುದು. ಸಂದಿನಲ್ಲಿ ಬೆಳಕು ಇಲ್ಲ.]

ಹಾಂ. ನೆಟ್ಟಗಿದೆ.

ಪ್ಲಗ್ ತೆಗೆದು, ಬ್ಲೇಡ್ ತಣ್ಣಗಾಗಲು ಬಿಟ್ಟು, ಆಮೇಲೆ ಬಿಚ್ಚಿ. ಈಗಷ್ಟೇ ಕೊಯ್ದ ಬ್ಲೇಡ್ ಬೆರಳು ಸುಡುತ್ತದೆ. ಇಲ್ಲಿ ಮಳೆಗಾಲದಲ್ಲಿ ಎಂಟು ದಿನ ಹಾಗೇ ಬಿಟ್ಟರೆ ಬ್ಲೇಡಿಗೂ ತಳಕ್ಕೂ ತುಕ್ಕು ಬರುತ್ತದೆ. ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಸಮುದ್ರದ ಉಪ್ಪುಗಾಳಿ ಬೇರೆ. ಹೊಲಿಗೆ ಮಷೀನಿನ ಎಣ್ಣೆಯನ್ನು ಬಟ್ಟೆಗೆ ಎರಡು ಹನಿ ಹಾಕಿ ಒರೆಸಿ, ರೋಲರಿಗೆ ಒಂದು ಹನಿ ಬಿಟ್ಟು, ಬ್ಲೇಡುಗಳನ್ನು ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿಡಿ. ಮುಂದಿನ ಸಲ ಕೊಯ್ಯುವ ಮೊದಲು ಎಣ್ಣೆ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಮರದ ಮೇಲೆ ಕಲೆ ಕೂರುತ್ತದೆ.