ನಾಲಿಗೆಗಿಂತ ಮೊದಲು ಕಿವಿ

ಕೇಳುಗರಿಗೆ ನಮಸ್ಕಾರ.

ಕನ್ನಡ ಕಲಿಯುತ್ತಿರುವ ಹಿಂದಿ ಮನೆಮಾತಿನವರೊಬ್ಬರು ‘ಹಳ್ಳಿ’ ಎನ್ನಲು ಹೋಗಿ ‘ಹಲ್ಲಿ’ ಎಂದರೆ, ‘ನಾಲಿಗೆ ಮಡಚಿ’ ಎಂದು ತಿದ್ದುತ್ತೇವೆ. ಭಾಷಾವಿಜ್ಞಾನದ ಪಾಠ ಹೇಳುವ ನನಗೆ ಈ ಸಲಹೆ ಸಾಲದು ಅನ್ನಿಸುತ್ತದೆ. ಆ ಎರಡು ಸದ್ದುಗಳು ಬೇರೆ ಎಂದು ಅವರ ಕಿವಿಗೇ ಗೊತ್ತಾಗದಿದ್ದರೆ ನಾಲಿಗೆ ಏನು ಮಾಡೀತು?

ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ವ್ಯತ್ಯಾಸ ಗುರುತಿಸಿದವು. ಹತ್ತು ತಿಂಗಳು ದಾಟಿದವುಗಳಲ್ಲಿ ಹೆಚ್ಚಿನವಕ್ಕೆ ಅದು ಆಗಲಿಲ್ಲ. ಕಿವಿ ಮಂದವಾಯಿತೆಂದಲ್ಲ, ಮನೆಮಾತಿಗೆ ಬೇಕಾದ ಸದ್ದುಗಳಿಗೆ ಅದು ಹದಗೊಂಡಿತು, ಬೇಡದ ಭೇದ ಬಿಟ್ಟಿತು. ನಮ್ಮದೂ ಅದೇ ಕತೆ. ಇಂಗ್ಲಿಷಿನ ವಿ ಮತ್ತು ಡಬ್ಲ್ಯೂ ಸದ್ದುಗಳೆರಡನ್ನೂ ನಮ್ಮಲ್ಲಿ ಬಹಳ ಜನ ಒಂದೇ ‘ವ’ ಎಂದು ಕೇಳುತ್ತೇವೆ, ಒಂದೇ ‘ವ’ ಎಂದು ನುಡಿಯುತ್ತೇವೆ.

ಹಾಗಾದರೆ ದೊಡ್ಡವರಾದ ಮೇಲೆ ದಾರಿಯಿಲ್ಲವೇ? ಇದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲಿಷಿನ ರ–ಲ ಭೇದ ತಿಳಿಯದ ಜಪಾನೀಯರಿಗೆ ಜೋಡಿ ಪದಗಳನ್ನು ಹಲವರ ದನಿಯಲ್ಲಿ ಕೇಳಿಸಿದರು. ಜೋಡಿಯಲ್ಲಿ ಕೇಳಿಸಿದ ಪದ ಯಾವುದೆಂದು ಅವರು ಗುರುತಿಸಬೇಕಿತ್ತು. ಪ್ರತಿ ಉತ್ತರಕ್ಕೂ ಸರಿಯೋ ತಪ್ಪೋ ಎಂದು ಅಲ್ಲೇ ತಿಳಿಸಿದರು. 1991ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರ ಕಿವಿ ಸುಧಾರಿಸಿತ್ತು. 1997ರ ಮುಂದುವರಿಕೆ ನನಗೆ ಇನ್ನೂ ಮುಖ್ಯ: ಕೇಳುವ ಅಭ್ಯಾಸವನ್ನಷ್ಟೇ ಮಾಡಿದವರ ಉಚ್ಚಾರಣೆಯೂ ಉತ್ತಮಗೊಂಡಿತ್ತು!

ಒಬ್ಬರೇ ಮೇಷ್ಟ್ರ ದನಿ ಕೇಳಿ ಕಲಿತವರಿಗೆ ಆ ದನಿಯಷ್ಟೇ ಪಳಗುತ್ತದೆ. ಕನ್ನಡ ಕಲಿಯುವವರ ಕಿವಿಗೆ ಧಾರವಾಡವೂ ಬೀಳಬೇಕು, ಮಂಡ್ಯ, ಮಂಗಳೂರು, ಕಲಬುರಗಿಯೂ ಬೀಳಬೇಕು. ಆಕಾಶವಾಣಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಇನ್ನು, ಎಲ್ಲವನ್ನೂ ತಿದ್ದಬೇಕಾಗಿಲ್ಲ. ಪರಭಾಷೆಯ ಛಾಯೆ ಗಾಢವಾಗಿದ್ದರೂ ಮಾತು ಪೂರ್ತಿ ಅರ್ಥವಾಗಬಹುದು ಎಂದು ಸಂಶೋಧಕರಾದ ಮರ್ರೇ ಮನ್ರೋ, ಟ್ರೇಸಿ ಡರ್ವಿಂಗ್ 1995ರಲ್ಲೇ ತೋರಿಸಿದ್ದಾರೆ. ‘ಬೆಲೆ’, ‘ಬೆಳೆ’ ಅದಲು ಬದಲಾದರೆ ತಿದ್ದಿ. ಮಾತಿನ ಧಾಟಿಯಲ್ಲಿ ಅವರ ಊರು ಉಳಿದಿದ್ದರೆ ಉಳಿಯಲಿ. ಅದನ್ನು ಆಡಿಕೊಂಡು ನಗುವವರಿಂದಲೇ ಎಷ್ಟೋ ಜನ ಬಾಯಿ ಮುಚ್ಚಿಕೊಂಡಿದ್ದಾರೆ. ಅದು ನನಗೆ ನೋವಿನ ಸಂಗತಿ.

ನಿಮ್ಮ ಮನೆಯಲ್ಲೋ ಪಕ್ಕದಲ್ಲೋ ಕನ್ನಡ ಕಲಿಯುವವರಿದ್ದರೆ ಹೀಗೆ ಮಾಡಿ. ‘ಹುಲಿ–ಹುಳಿ’, ‘ಕೊಡು–ಕೋಡು’ ಇಂಥ ಜೋಡಿಗಳಲ್ಲಿ ಒಂದನ್ನು ಹೇಳಿ, ಯಾವುದೆಂದು ಅವರು ಗುರುತಿಸಲಿ. ತಪ್ಪಿದರೆ ತಕ್ಷಣ ತಿಳಿಸಿ. ಇವತ್ತು ನೀವು ಹೇಳಿದರೆ ನಾಳೆ ಅಜ್ಜಿ ಹೇಳಲಿ, ನಾಡಿದ್ದು ಮಕ್ಕಳು ಹೇಳಲಿ. ನಮಸ್ಕಾರ.