ತಾರಸಿ ನೀರು ಮೋರಿಗೆ ಯಾಕೆ?

[ದೃಶ್ಯ: ಬೆಂಗಳೂರಿನ ಜೋರು ಮಳೆ, ಮೋರಿ ಉಕ್ಕಿ ರಸ್ತೆಗೆ ಬಂದ ನೀರು]

ರಸ್ತೆಯಲ್ಲಿ ನೀರು ನಿಂತರೆ ಎಲ್ಲರೂ ರಾಜಕಾಲುವೆಯನ್ನೇ ಬೈಯುತ್ತೇವೆ. ಒತ್ತುವರಿ, ಹೂಳು, ಕಸ ಎಲ್ಲ ನಿಜವೇ. ಆದರೆ ಇಷ್ಟೊಂದು ನೀರು ಇಷ್ಟು ಬೇಗ ಅಲ್ಲಿಗೆ ಬರುವುದು ನಮ್ಮ ನಿಮ್ಮ ತಾರಸಿಗಳಿಂದ.

[ಪರದೆ: 30×40 ಸೈಟ್ = 111 ಚದರ ಮೀಟರ್]

ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಸಂಜೆ 50 ಮಿ.ಮೀ. ಸುರಿದರೆ ಈ ಸೈಟಿನಿಂದಲೇ ಸುಮಾರು 5,500 ಲೀಟರ್. ಬೇಸಿಗೆಯಲ್ಲಿ ದುಡ್ಡು ಕೊಟ್ಟು ಟ್ಯಾಂಕರ್ ತರಿಸುತ್ತೇವಲ್ಲ, ಹೆಚ್ಚುಕಡಿಮೆ ಅಷ್ಟು!

ಇಷ್ಟು ದೊಡ್ಡ ಸೈಟಿನ ಹೊಸ ಮನೆಗೆ ಮಳೆ ನೀರು ಕೊಯ್ಲು ಬೆಂಗಳೂರಲ್ಲಿ ಕಡ್ಡಾಯ. ಸುಮ್ನೆ 200 ಲೀಟರಿನ ಡ್ರಮ್ ಇಟ್ಟರೆ 2 ಮಿ.ಮೀ. ಮಳೆಗೇ ತುಂಬುತ್ತದೆ.

ಬಿದ್ದ ಜಾಗದಲ್ಲೇ ನೀರನ್ನು ಹಿಡಿದು ಇಂಗಿಸುವುದಕ್ಕೆ ಲೋ ಇಂಪ್ಯಾಕ್ಟ್ ಡೆವಲಪ್‌ಮೆಂಟ್ ಅನ್ನುತ್ತಾರೆ. ಅಮೆರಿಕದ ಮೇರಿಲ್ಯಾಂಡಿನ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ 1990ರ ದಶಕದಲ್ಲಿ ಇದಕ್ಕೆ ಒಂದು ರೂಪ ಬಂತು. ಮನೆಯಂಗಳದ ತಗ್ಗಿನಲ್ಲಿ ಗಿಡ ಬೆಳೆಸಿ, ಮಳೆ ನೀರನ್ನು ಅಲ್ಲಿಗೆ ತಿರುಗಿಸಿದರು. ನಮ್ಮ ಸೈಟಲ್ಲಿ ಅಷ್ಟು ಅಂಗಳ ಇರುವುದಿಲ್ಲ. ತಾರಸಿ ನೀರನ್ನು ನೆಲಕ್ಕೆ ಇಳಿಸುವ ಇಂಗುಬಾವಿಗಾದರೆ ಒಂದು ಮೂಲೆ ಸಾಕು.

[ದೃಶ್ಯ: ಬಾವಿಗೆ ರಿಂಗ್ ಇಳಿಸುತ್ತಿರುವವರು]

3 ಅಡಿ ಅಗಲ, 20 ಅಡಿ ಆಳ. ಸುತ್ತ ಸಿಮೆಂಟ್ ರಿಂಗ್. ತಳಕ್ಕೆ ಮಾತ್ರ ಏನೂ ಹಾಕಬಾರದು, ಮಣ್ಣೇ ಇರಬೇಕು. ಇದರಲ್ಲಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ತುಂಬುತ್ತಿರುವಾಗಲೇ ಒಂದಿಷ್ಟು ಇಂಗುತ್ತಲೂ ಇರುತ್ತದೆ. ಈ ಕೆಲಸದಲ್ಲಿ, ಬಾವಿ ತೋಡುವುದೇ ಕಸುಬಾದ ಮಣ್ಣು ವಡ್ಡರ ಸಮುದಾಯದ್ದು ಎತ್ತಿದ ಕೈ. ಕಬ್ಬನ್ ಪಾರ್ಕಿನ ಹಳೇ ಬಾವಿಗಳ ಹೂಳು ತೆಗೆದು ಮತ್ತೆ ನೀರು ಕಾಣಿಸಿದವರೂ ಅವರೇ.

ಕೆಲವರು ಬಾವಿ ತುಂಬ ಜಲ್ಲಿ ಸುರಿಸುತ್ತಾರೆ. ಜಲ್ಲಿಯೇ ಜಾಗ ಹಿಡಿದರೆ ನೀರಿಗೆ ಉಳಿಯುವುದು ಕಡಿಮೆ ಅಲ್ವಾ? ಹೂಳು ಕಟ್ಟಿದರೆ ಇಳಿದು ತೆಗೆಯುವುದಕ್ಕೂ ಆಗುವುದಿಲ್ಲ. ಜಲ್ಲಿ, ಮರಳು ಬಾವಿಗೆ ಮುಂಚಿನ ಫಿಲ್ಟರ್ ತೊಟ್ಟಿಗಿರಲಿ. ಅದನ್ನು ಮಳೆಗಾಲಕ್ಕೆ ಮೊದಲು ತೊಳೆಯಿರಿ, ತಾರಸಿ ಗುಡಿಸಿ.

[ದೃಶ್ಯ: ಗೇಟಿನ ಒಳಗಿನ ಇಂಟರ್‌ಲಾಕ್ ಟೈಲ್ಸ್]

ಇಂಟರ್‌ಲಾಕ್ ಟೈಲ್ಸ್ ಇದೆ, ನೀರು ಇಂಗುತ್ತದೆ ಅನ್ನುವವರೂ ಇದ್ದಾರೆ. ಅದರ ಕೆಳಗೆ ಕಾಂಕ್ರೀಟ್ ಹಾಕಿಸಿದ್ದರೆ ಒಂದು ಹನಿಯೂ ಇಂಗುವುದಿಲ್ಲ. ಮರಳು, ಜಲ್ಲಿಪುಡಿಯ ಮೇಲೆ ಕೂರಿಸಿ.

ಬಚ್ಚಲ ನೀರು, ಕಾರು ತೊಳೆದ ನೀರು ಇಂಗುಬಾವಿಗೆ ಬೇಡವೇ ಬೇಡ. ಕೆಲವು ತಗ್ಗು ಬಡಾವಣೆಗಳಲ್ಲಿ ನಾಲ್ಕೈದು ಅಡಿಗೇ ನೀರು ಸಿಗುತ್ತದೆ. ಅಲ್ಲಿ ಬಾವಿ ತೋಡಿಸಬೇಡಿ, ತಾರಸಿ ನೀರನ್ನು ಸೋಸಿ ನೆಲದಡಿಯ ಸಂಪ್ ತೊಟ್ಟಿಗೆ ಬಿಡಿ.